ಓಡುವ ಎದೆಬಡಿತಕ್ಕೆ ಮಂಜುಗಟ್ಟಿಸುವ ಚಿಕಿತ್ಸೆ: ಕ್ರಯೊ ಅಬ್ಲೇಷನ್ ಎಲ್ಲಿ ಸುರಕ್ಷಿತ, ಎಲ್ಲಿ ಎಚ್ಚರ ಬೇಕು

ಸುಮ್ಮನೆ ಕೂತಿದ್ದಾಗಲೇ ಹೃದಯದ ಬಡಿತ ಒಮ್ಮೆಲೇ ನಿಮಿಷಕ್ಕೆ 180ಕ್ಕೆ ಏರುತ್ತದೆ. ಹತ್ತು ನಿಮಿಷವೋ ಎರಡು ಗಂಟೆಯೋ ಹಾಗೇ ಓಡಿ, ಸ್ವಿಚ್ ಆರಿಸಿದಂತೆ ನಿಂತುಬಿಡುತ್ತದೆ. ಇಂಥ ಓಟ ಪದೇ ಪದೇ ಬರುವವರಿಗೆ ವೈದ್ಯರು ಅಬ್ಲೇಷನ್ ಸೂಚಿಸುತ್ತಾರೆ. ತೊಡೆಸಂದಿನ ರಕ್ತನಾಳದ ಮೂಲಕ ಹೃದಯದೊಳಕ್ಕೆ ಕ್ಯಾತಿಟರ್ ಎಂಬ ತೆಳುವಾದ ಕೊಳವೆಯನ್ನು ತೂರಿಸಿ, ತೊಂದರೆ ಕೊಡುತ್ತಿರುವ ಸಣ್ಣ ಜಾಗವನ್ನು ನಿಷ್ಕ್ರಿಯಗೊಳಿಸುವುದೇ ಆ ಚಿಕಿತ್ಸೆ. ಆ ಜಾಗವನ್ನು ಬಿಸಿ ಮಾಡಿ ಸುಡಬಹುದು. ಇಲ್ಲವೇ ಮೈನಸ್ 70–80 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿ ಮಂಜುಗಟ್ಟಿಸಬಹುದು. ಎರಡನೆಯ ವಿಧಾನಕ್ಕೆ ಕ್ರಯೊ ಅಬ್ಲೇಷನ್ ಎಂದು ಹೆಸರು.

‘ಸುಡುವುದಕ್ಕಿಂತ ತಣಿಸುವುದು ಸೇಫ್’ ಎಂಬ ಮಾತನ್ನು ರೋಗಿಗಳು ಕೇಳಿರುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಹೃದಯದ ಯಾವ ಜಾಗದಲ್ಲಿ, ಯಾವ ಅಪಾಯದಿಂದ ಸುರಕ್ಷಿತ ಎಂದು ಬಿಡಿಸಿ ನೋಡಿದಾಗ ಮಾತ್ರ ಅದು ರೋಗಿಯ ಉಪಯೋಗಕ್ಕೆ ಬರುತ್ತದೆ.

ಬಡಿತದ ದಾರಿ, ಅಡ್ಡದಾರಿ

ಹೃದಯದ ಪ್ರತಿ ಬಡಿತಕ್ಕೂ ಒಂದು ಸಣ್ಣ ವಿದ್ಯುತ್ ಅಲೆ ಕಾರಣ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಎಸ್‌ಎ ನೋಡ್‌ನಲ್ಲಿ ಅದು ಹುಟ್ಟುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಅಲೆಗಳು ಏಳುತ್ತವೆ. ಅಲೆ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳಲ್ಲಿ ಹರಡಿ, ನಡುವಿನ ಎವಿ ನೋಡ್‌ಗೆ ಬಂದು ಸೇರುತ್ತದೆ. ಮೇಲಿನ ಕೋಣೆಗಳಿಗೂ ಕೆಳಗಿನ ಹೃತ್ಕುಕ್ಷಿಗಳಿಗೂ ನಡುವೆ ವಿದ್ಯುತ್ ಹಾಯದ ಗೋಡೆಯಿದೆ. ಆ ಗೋಡೆಗಿರುವ ಒಂದೇ ಬಾಗಿಲು ಎವಿ ನೋಡ್. ಅಲೆಯನ್ನು ಅದು ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹೊತ್ತು ತಡೆದು, ಮೇಲಿನ ಕೋಣೆಗಳು ರಕ್ತವನ್ನು ಕೆಳಗೆ ತಳ್ಳಿದ ಮೇಲೆ ಮುಂದಕ್ಕೆ ಬಿಡುತ್ತದೆ. ಈ ಬಾಗಿಲು ಶಾಶ್ವತವಾಗಿ ಮುಚ್ಚಿಹೋದರೆ ಮೇಲಿನ ಅಲೆ ಕೆಳಗಿಳಿಯುವುದಿಲ್ಲ, ಆಮೇಲೆ ಜೀವನವಿಡೀ ಪೇಸ್‌ಮೇಕರ್ ಬೇಕಾಗುತ್ತದೆ. ಮುಂದಿನ ಚರ್ಚೆಯೆಲ್ಲ ಈ ಬಾಗಿಲಿನ ಸುತ್ತಲೇ ಇರುವುದರಿಂದ ಇದನ್ನು ನೆನಪಿಟ್ಟುಕೊಳ್ಳಬೇಕು.

ಕೆಲವರಲ್ಲಿ ಎವಿ ನೋಡ್‌ಗೆ ಬಂದು ಸೇರುವ ದಾರಿ ಒಂದಲ್ಲ, ಎರಡು: ಒಂದು ವೇಗದ್ದು, ಒಂದು ನಿಧಾನದ್ದು. ಅಕಾಲದಲ್ಲಿ ಹುಟ್ಟಿದ ಒಂದು ಬಡಿತ ನಿಧಾನದ ದಾರಿಯಲ್ಲಿ ಇಳಿದು ವೇಗದ ದಾರಿಯಲ್ಲಿ ಮೇಲಕ್ಕೆ ಮರಳಿದರೆ, ಅಲೆ ಅಲ್ಲೇ ಗಿರಗಿರನೆ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೂ ಹೃದಯ ಒಮ್ಮೆ ಬಡಿಯುತ್ತದೆ. ಇದು ಎವಿಎನ್‌ಆರ್‌ಟಿ. ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವ, ಎಸ್‌ವಿಟಿ ಎಂದು ಕರೆಯುವ ಓಟಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇದೇ. ಇನ್ನು ಕೆಲವರಿಗೆ ಹುಟ್ಟಿನಿಂದಲೇ ಆ ನಡುಗೋಡೆಯಲ್ಲಿ ಒಂದು ಕಳ್ಳದಾರಿ ಇರುತ್ತದೆ. ಅಲೆ ಎವಿ ನೋಡ್‌ನಲ್ಲಿ ಇಳಿದು ಈ ಕಳ್ಳದಾರಿಯಲ್ಲಿ ಹತ್ತಿ ಸುತ್ತುತ್ತದೆ.

ಮೂರನೆಯದು ಏಟ್ರಿಯಲ್ ಫಿಬ್ರಿಲೇಷನ್. ಇಲ್ಲಿ ಅಲೆಗೆ ಕ್ರಮವೇ ಇರುವುದಿಲ್ಲ. ಹೃತ್ಕರ್ಣಗಳು ಬಡಿಯುವ ಬದಲು ಅದುರುತ್ತಿರುತ್ತವೆ, ನಾಡಿ ಹಿಡಿದು ನೋಡಿದರೆ ತಾಳವೇ ಸಿಗುವುದಿಲ್ಲ. ಈ ಅದುರಾಟವನ್ನು ಶುರುಮಾಡುವ ಕಿಡಿಗಳು ಬಹುಪಾಲು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ನಾಲ್ಕು ಪಲ್ಮನರಿ ಅಭಿಧಮನಿಗಳ ಬಾಯಲ್ಲಿ ಹುಟ್ಟುತ್ತವೆ ಎಂದು ಫ್ರಾನ್ಸಿನ ಬೋರ್ಡೊದ ಮಿಶೆಲ್ ಐಸಾಗೆರ್ ಅವರ ತಂಡ 1998ರಲ್ಲಿ ತೋರಿಸಿತು. ಆ ಬಾಯಿಗಳ ಸುತ್ತ ವಿದ್ಯುತ್ ದಾಟದ ಬೇಲಿ ಹಾಕುವುದೇ ಅಂದಿನಿಂದ ಈ ಕಾಯಿಲೆಯ ಅಬ್ಲೇಷನ್‌ನ ತಿರುಳು.

ರಕ್ತದ ಬಿಸಿಯ ನಡುವೆ ತುದಿ ತಣ್ಣಗಾಗುವ ಬಗೆ

ಅಂಗೈಗೆ ಸ್ಪಿರಿಟ್ ಸವರಿಕೊಂಡರೆ ತಣ್ಣಗಾಗುವುದು ಎಲ್ಲರಿಗೂ ಗೊತ್ತು. ದ್ರವ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಕ್ರಯೊ ಕ್ಯಾತಿಟರ್ ಕೆಲಸ ಮಾಡುವುದೂ ಹೀಗೆಯೇ, ಅದರಲ್ಲಿ ಬಳಸುವ ದ್ರವ ಮಾತ್ರ ನೈಟ್ರಸ್ ಆಕ್ಸೈಡ್. ಅರಿವಳಿಕೆಗೂ ಬಳಸುವ ಈ ಅನಿಲವನ್ನು ಒತ್ತಡದಲ್ಲಿ ದ್ರವವಾಗಿಸಿ ಸಿಲಿಂಡರ್‌ನಲ್ಲಿ ತುಂಬಿರುತ್ತಾರೆ. ಸಾಮಾನ್ಯ ಒತ್ತಡದಲ್ಲಿ ಅದು ಮೈನಸ್ 88 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಕ್ಯಾತಿಟರ್ ಒಳಗಿನ ಕೂದಲಿನಂಥ ನಾಳದಲ್ಲಿ ದ್ರವ ತುದಿಯವರೆಗೆ ಹರಿದು, ಅಲ್ಲಿನ ಟೊಳ್ಳಿನಲ್ಲಿ ಒಮ್ಮೆಲೇ ಆವಿಯಾಗಿ, ಲೋಹದ ತುದಿಯ ಬಿಸಿಯನ್ನೆಲ್ಲ ಹೀರುತ್ತದೆ. ಆವಿಯನ್ನು ನಿರ್ವಾತ ಪಂಪ್ ಇನ್ನೊಂದು ನಾಳದ ಮೂಲಕ ಹೊರಗೆಳೆದುಕೊಳ್ಳುತ್ತದೆ. ಅನಿಲ ರಕ್ತಕ್ಕೆ ತಾಕುವುದಿಲ್ಲ; ಕ್ಯಾತಿಟರ್ ಒಳಗಿನಿಂದಲೇ ಹೊರಬರುತ್ತದೆ. ಒಳಗಿನ ಒತ್ತಡ ಏರುಪೇರಾದರೆ ಅಥವಾ ಹಿಂದಿರುಗುವ ನಾಳದಲ್ಲಿ ರಕ್ತದ ಹನಿ ಕಂಡರೆ ಯಂತ್ರ ತಾನಾಗಿಯೇ ದ್ರವದ ಹರಿವನ್ನು ನಿಲ್ಲಿಸುತ್ತದೆ.

ತುದಿ ಮುಟ್ಟಿದ ಜಾಗದಲ್ಲಿ ಪುಟ್ಟ ಮಂಜಿನ ಗೋಲಿ ಬೆಳೆಯತೊಡಗುತ್ತದೆ. ಮೊದಲು ಜೀವಕೋಶಗಳ ಹೊರಗಿನ ನೀರು ಹರಳುಗಟ್ಟುತ್ತದೆ. ಹೊರಗಿನ ದ್ರವದಲ್ಲಿ ಲವಣ ದಟ್ಟವಾಗಿ, ಕೋಶದೊಳಗಿನ ನೀರನ್ನು ಹೊರಗೆ ಎಳೆದುಕೊಳ್ಳುತ್ತದೆ. ಉಷ್ಣತೆ ಇನ್ನೂ ಇಳಿದಾಗ ಕೋಶದೊಳಗೂ ಹರಳುಗಳೆದ್ದು ಪೊರೆಯನ್ನು ಹರಿಯುತ್ತವೆ. ಮಂಜು ಕರಗುವಾಗ ಸಣ್ಣ ಹರಳುಗಳು ಕೂಡಿ ದೊಡ್ಡವಾಗುವುದರಿಂದ ಹಾನಿ ಇನ್ನಷ್ಟು ಹೆಚ್ಚುತ್ತದೆ. ಒಮ್ಮೆ ಮಂಜುಗಟ್ಟಿಸಿ, ಕರಗಲು ಬಿಟ್ಟು, ಅದೇ ಜಾಗವನ್ನು ಮತ್ತೆ ಮಂಜುಗಟ್ಟಿಸುವ ಪದ್ಧತಿ ಬಂದಿರುವುದು ಇದಕ್ಕೇ.

ಇಷ್ಟಾದರೂ ಕೋಶಗಳನ್ನು ಹಿಡಿದಿಟ್ಟಿರುವ ನಾರಿನ ಹಂದರ ಹಾಗೇ ಉಳಿಯುತ್ತದೆ. ಆರ್‌ಎಫ್ ಎಂದು ಕರೆಯುವ, ರೇಡಿಯೊ ಆವರ್ತನದ ವಿದ್ಯುತ್ತಿನಿಂದ ಸುಡುವ ವಿಧಾನದಲ್ಲಿ ಅಂಗಾಂಶ 50 ಡಿಗ್ರಿ ಮೀರಿ ಕಾದು ಬೇಯುತ್ತದೆ. ಒಳಪದರ ಒರಟಾಗಿ ಅಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಮಂಜುಗಟ್ಟಿದ ಜಾಗದ ಮೇಲ್ಮೈ ನಯವಾಗಿ, ಅಂಚು ಸ್ಪಷ್ಟವಾಗಿ ಉಳಿಯುವುದರಿಂದ ಹೆಪ್ಪು ಕಡಿಮೆ. ನೋವೂ ಕಡಿಮೆ.

ಹಿಂದೆ ಸರಿಯಲು ಅವಕಾಶ

ಕ್ರಯೊದ ಸುರಕ್ಷತೆಯ ಬಹುದೊಡ್ಡ ಕಾರಣ ಅದರ ನಿಧಾನ. ಶೂನ್ಯದಿಂದ ಮೈನಸ್ 30 ಡಿಗ್ರಿಯ ಆಸುಪಾಸಿನಲ್ಲಿ ಕೋಶಗಳು ಸಾಯುವ ಮೊದಲು ನಿದ್ದೆ ಹೋದಂತೆ ಸುಮ್ಮನಾಗುತ್ತವೆ. ವಿದ್ಯುತ್ ಹಾಯಿಸುವುದನ್ನು ನಿಲ್ಲಿಸುತ್ತವೆ, ಬೆಚ್ಚಗಾದರೆ ಎಚ್ಚೆತ್ತು ಮತ್ತೆ ಕೆಲಸ ಶುರುಮಾಡುತ್ತವೆ. ಕ್ರಯೊ ಮ್ಯಾಪಿಂಗ್ ಎಂಬ ಪರೀಕ್ಷೆ ಇದನ್ನೇ ಬಳಸಿಕೊಳ್ಳುತ್ತದೆ.

ಎವಿಎನ್‌ಆರ್‌ಟಿಯಲ್ಲಿ ತೆಗೆಯಬೇಕಾದದ್ದು ನಿಧಾನದ ದಾರಿಯನ್ನು. ಅದಿರುವುದು ಬಲ ಹೃತ್ಕರ್ಣದ ಕೆಳಭಾಗದಲ್ಲಿ, ಕಾಕ್ ತ್ರಿಕೋನ ಎಂಬ ಪುಟ್ಟ ಜಾಗದಲ್ಲಿ. ಅದೇ ತ್ರಿಕೋನದ ಮೇಲಿನ ಮೊನೆಯಲ್ಲಿ ಎವಿ ನೋಡ್ ಕೂತಿದೆ. ದೊಡ್ಡವರಲ್ಲೇ ಈ ತ್ರಿಕೋನದ ಬದಿ ಒಂದೆರಡು ಸೆಂಟಿಮೀಟರ್. ಮಕ್ಕಳಲ್ಲಿ ಕೆಡವಬೇಕಾದ ದಾರಿಗೂ ಉಳಿಸಬೇಕಾದ ಬಾಗಿಲಿಗೂ ನಡುವೆ ಕೆಲವೇ ಮಿಲಿಮೀಟರ್.

ಇಲ್ಲಿ ವೈದ್ಯರು ತುದಿಯನ್ನು ಇಟ್ಟು ಮೈನಸ್ 30 ಡಿಗ್ರಿಗೆ ತಣಿಸಿ, ಗರಿಷ್ಠ 60 ಸೆಕೆಂಡಿನವರೆಗೆ ನೋಡುತ್ತಾರೆ. ಆ ಹೊತ್ತಿನಲ್ಲಿ ಹೃದಯವನ್ನು ಸಣ್ಣ ವಿದ್ಯುತ್ ಮಿಡಿತಗಳಿಂದ ಕೆಣಕಿ, ಓಟ ಮತ್ತೆ ಶುರುವಾಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಶುರುವಾಗದಿದ್ದರೆ, ಎವಿ ನೋಡ್‌ನ ವಹನವೂ ಸರಿಯಾಗಿದ್ದರೆ ಜಾಗ ಸರಿ ಎಂದರ್ಥ. ಆಗ ಉಷ್ಣತೆಯನ್ನು ಮೈನಸ್ 70–80 ಡಿಗ್ರಿಗೆ ಇಳಿಸಿ ಸಾಮಾನ್ಯವಾಗಿ ನಾಲ್ಕು ನಿಮಿಷ ಹಿಡಿಯುತ್ತಾರೆ. ಎವಿ ವಹನ ನಿಧಾನವಾಗುವ ಲಕ್ಷಣ ಇಸಿಜಿಯಲ್ಲಿ ಕಂಡರೆ ಕೂಡಲೇ ನಿಲ್ಲಿಸುತ್ತಾರೆ. ಅಂಗಾಂಶ ಬೆಚ್ಚಗಾಗುತ್ತಿದ್ದಂತೆ, ಬಹುತೇಕ ಸೆಕೆಂಡುಗಳಲ್ಲೇ, ವಹನ ಮರಳುತ್ತದೆ. ಆಮೇಲೆ ತುದಿಯನ್ನು ಒಂದೆರಡು ಮಿಲಿಮೀಟರ್ ಕೆಳಗೆ ಸರಿಸಿ ಮತ್ತೆ ಪರೀಕ್ಷೆ.

ಎರಡನೆಯ ಅನುಕೂಲ ತುದಿ ಅಂಟಿಕೊಳ್ಳುವುದು. ಒದ್ದೆ ಬೆರಳು ಫ್ರೀಜರ್‌ನ ಮಂಜಿನ ತಟ್ಟೆಗೆ ಅಂಟುವ ಹಾಗೆ ಕ್ಯಾತಿಟರ್ ಹೃದಯದ ಗೋಡೆಗೆ ಅಂಟುತ್ತದೆ. ಹೃದಯ ಎಷ್ಟೇ ಬಡಿಯಲಿ, ರೋಗಿ ಕೆಮ್ಮಲಿ, ತುದಿ ಜಾರಿ ಎವಿ ನೋಡ್ ಮೇಲೆ ಬೀಳುವುದಿಲ್ಲ. ಆರ್‌ಎಫ್‌ನಲ್ಲಿ ಓಟವನ್ನು ಕೆಣಕಿದರೆ ತುದಿ ಜಾರಬಹುದೆಂಬ ಭಯವಿದೆ, ಇಲ್ಲಿ ಚಿಕಿತ್ಸೆ ನಡೆಯುತ್ತಿರುವಾಗಲೇ ಕೆಣಕಿ ನೋಡಬಹುದು. ಇದಕ್ಕೆ ಜೊತೆಯಾಗಿ ಒಂದು ಕಟ್ಟುನಿಟ್ಟಿನ ನಿಯಮವೂ ಇದೆ: ಅಂಟಿಕೊಂಡಿರುವಾಗ ಕ್ಯಾತಿಟರ್ ಎಳೆಯಕೂಡದು. ಎಳೆದರೆ ಅಂಗಾಂಶ ಹರಿಯಬಹುದು. ತಣಿಸುವುದನ್ನು ನಿಲ್ಲಿಸಿ, ತುದಿ ಬೆಚ್ಚಗಾಗಿ ತಾನೇ ಬಿಡುವವರೆಗೆ ಕಾಯಬೇಕು.

ಮೈನಸ್ 30ರಲ್ಲಿ ಎಲ್ಲವೂ ಸರಿಯಿತ್ತು ಎಂದ ಮಾತ್ರಕ್ಕೆ ಮೈನಸ್ 80ರಲ್ಲೂ ಸರಿಯಿರುತ್ತದೆ ಎನ್ನಲಾಗದು. ಮಂಜಿನ ಗೋಲಿ ಮುಂದಿನ ಎರಡು ಮೂರು ನಿಮಿಷ ಬೆಳೆಯುತ್ತಲೇ ಇರುತ್ತದೆ, ಅದರ ಅಂಚು ಎವಿ ನೋಡ್ ತಲುಪಬಹುದು. ಅದಕ್ಕೇ ಅನುಭವಿ ತಂಡಗಳಲ್ಲಿ ಒಬ್ಬರು ನಾಲ್ಕೂ ನಿಮಿಷ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ಹಿಂದೆ ಸರಿಯುವ ಅವಕಾಶವನ್ನು ಯಂತ್ರ ಕೊಡುತ್ತದೆ, ಅದನ್ನು ಬಳಸಿಕೊಳ್ಳುವುದು ನೋಡುತ್ತಿರುವವರ ಎಚ್ಚರ.

ಸುರಕ್ಷತೆಗೆ ತೆರುವ ಬೆಲೆ

ಆರ್‌ಎಫ್‌ನಿಂದ ಎವಿಎನ್‌ಆರ್‌ಟಿಗೆ ಚಿಕಿತ್ಸೆ ಮಾಡುವಾಗ ಎವಿ ನೋಡ್ ಶಾಶ್ವತವಾಗಿ ಕೆಡುವ ಸಂಭವ ಒಳ್ಳೆಯ ಕೈಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಕ್ರಯೊದಲ್ಲಿ ಅದು ಅತಿ ವಿರಳ. ಆದರೆ ಓಟ ಮರುಕಳಿಸುವುದು ಕ್ರಯೊದಲ್ಲೇ ಹೆಚ್ಚು.

ಎರಡನ್ನೂ ಎದುರುಬದುರು ಇಟ್ಟು ನೋಡಿದ ಸೈರಾನೊ ಎಂಬ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಎವಿಎನ್‌ಆರ್‌ಟಿಯ 509 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪಾಗಿ ಹಂಚಿ ಚಿಕಿತ್ಸೆ ಕೊಟ್ಟಿದ್ದರು. ಆರು ತಿಂಗಳಲ್ಲಿ ಓಟ ಮರಳಿದ್ದು ಕ್ರಯೊ ಗುಂಪಿನಲ್ಲಿ ಶೇ 9.4 ಮಂದಿಗೆ, ಆರ್‌ಎಫ್ ಗುಂಪಿನಲ್ಲಿ ಶೇ 4.4 ಮಂದಿಗೆ. ಎವಿ ನೋಡ್ ಶಾಶ್ವತವಾಗಿ ಕೆಟ್ಟಿದ್ದು ಆರ್‌ಎಫ್ ಗುಂಪಿನ ಶೇ 0.4 ಮಂದಿಯಲ್ಲಿ, ಕ್ರಯೊ ಗುಂಪಿನಲ್ಲಿ ಯಾರಿಗೂ ಇಲ್ಲ.

ಮರುಕಳಿಸುವುದು ಏಕೆ? 37 ಡಿಗ್ರಿಯ ರಕ್ತ ತುದಿಯ ಸುತ್ತ ಸದಾ ಹರಿಯುತ್ತ ಅದನ್ನು ಬೆಚ್ಚಗೆ ಮಾಡುತ್ತಿರುತ್ತದೆ. ರಕ್ತದ ಹರಿವು ಜೋರಾಗಿರುವ ಕಡೆ, ತುದಿ ಗೋಡೆಗೆ ಸರಿಯಾಗಿ ಒತ್ತಿಕೊಳ್ಳದ ಕಡೆ, ಮಂಜಿನ ಗೋಲಿ ಚಿಕ್ಕದಾಗುತ್ತದೆ. ಗೋಲಿಯ ನಡುವಿನ ಕೋಶಗಳು ಸಾಯುತ್ತವೆ, ಅಂಚಿನವು ಬರೀ ನಿದ್ದೆ ಹೋಗಿರುತ್ತವೆ. ಚಿಕಿತ್ಸೆ ನಡೆಯುವ ಕೋಣೆಯಾದ ಕ್ಯಾತ್ ಲ್ಯಾಬ್‌ನಲ್ಲಿ ಪರೀಕ್ಷಿಸಿದಾಗ ಎರಡೂ ಒಂದೇ ರೀತಿ ಸುಮ್ಮನಿರುವುದರಿಂದ ಚಿಕಿತ್ಸೆ ಗೆದ್ದಂತೆ ಕಾಣುತ್ತದೆ. ದಿನಗಳು ಕಳೆದ ಮೇಲೆ ಅಂಚಿನ ಕೋಶಗಳು ಎಚ್ಚೆತ್ತರೆ ಓಟವೂ ಮರಳುತ್ತದೆ. ಅಂದರೆ, ಎವಿ ನೋಡ್ ಅನ್ನು ಕಾಪಾಡುವ ಗುಣವೇ ಮರುಕಳಿಕೆಗೂ ಕಾರಣ.

ಇದನ್ನು ತಗ್ಗಿಸಲು ಕೆಲವು ದಾರಿಗಳಿವೆ. ನಾಲ್ಕು ಮಿಲಿಮೀಟರ್ ಉದ್ದದ ತುದಿಯ ಬದಲು ಆರು ಅಥವಾ ಎಂಟು ಮಿಲಿಮೀಟರ್‌ನದನ್ನು ಬಳಸುವುದು, ಯಶಸ್ವಿಯಾದ ಜಾಗವನ್ನು ಎರಡನೆಯ ಸಲ ಮಂಜುಗಟ್ಟಿಸುವುದು, ಅಕ್ಕಪಕ್ಕದಲ್ಲೂ ಒಂದೆರಡು ಸಲ ಹಾಕುವುದು, ಮುಗಿದ ಮೇಲೆ ಅರ್ಧ ಗಂಟೆ ಕಾದು ಮತ್ತೆ ಕೆಣಕಿ ನೋಡುವುದು.

ಇಲ್ಲಿ ತೂಗಿ ನೋಡಬೇಕಾದದ್ದು ಎರಡು ನಷ್ಟಗಳನ್ನು. ಹತ್ತು ವರ್ಷದ ಮಗುವಿಗೆ ಪೇಸ್‌ಮೇಕರ್ ಹಾಕಬೇಕಾದರೆ, ಬ್ಯಾಟರಿ ಮುಗಿದಾಗಲೆಲ್ಲ ಜೀವನವಿಡೀ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ. ಓಟ ಮರಳಿದರೆ ಇನ್ನೊಮ್ಮೆ ಅಬ್ಲೇಷನ್. ಮಕ್ಕಳಲ್ಲಿ, ಯುವಜನರಲ್ಲಿ, ಎವಿ ನೋಡ್‌ಗೆ ತೀರಾ ಹತ್ತಿರ ಕಳ್ಳದಾರಿ ಇರುವವರಲ್ಲಿ ಮರುಕಳಿಕೆಯ ಬೆಲೆ ತೆತ್ತಾದರೂ ಕ್ರಯೊ ಆರಿಸುವುದು ಸರಿಯಾದ ನಿರ್ಧಾರ. ಎವಿ ನೋಡ್‌ನಿಂದ ದೂರದಲ್ಲಿ, ಉದಾಹರಣೆಗೆ ಹೃದಯದ ಎಡ ಪಕ್ಕದಲ್ಲಿ ಕಳ್ಳದಾರಿ ಇದ್ದರೆ, ಕಾಪಾಡಬೇಕಾದ ಬಾಗಿಲು ಹತ್ತಿರದಲ್ಲೇ ಇಲ್ಲ. ಅಲ್ಲಿ ಕ್ರಯೊದಿಂದ ಸಿಗುವ ಲಾಭ ಕಡಿಮೆ, ಆರ್‌ಎಫ್ ಮೇಲು.

ಬಲೂನ್ ಬಂದಾಗ ಅಪಾಯಗಳೂ ಬದಲಾಗುತ್ತವೆ

ಏಟ್ರಿಯಲ್ ಫಿಬ್ರಿಲೇಷನ್‌ಗೆ ಬಳಸುವುದು ಮೊನೆ ತುದಿಯ ಕ್ಯಾತಿಟರ್ ಅಲ್ಲ, ಬಲೂನ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 2010ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹೆಚ್ಚು ಬಳಕೆಯಲ್ಲಿರುವ ಬಲೂನಿನ ವ್ಯಾಸ 28 ಮಿಲಿಮೀಟರ್. ತೊಡೆಸಂದಿನ ಅಭಿಧಮನಿಯಿಂದ ಬಲ ಹೃತ್ಕರ್ಣಕ್ಕೆ ಬಂದು, ಎರಡು ಹೃತ್ಕರ್ಣಗಳ ನಡುವಿನ ತೆಳುಪೊರೆಯನ್ನು ಸೂಜಿಯಿಂದ ತೂತು ಮಾಡಿ ಎಡಕ್ಕೆ ದಾಟುತ್ತಾರೆ. ಬಲೂನ್ ಉಬ್ಬಿಸಿ ಅಭಿಧಮನಿಯ ಬಾಯಿಗೆ ಬಿರಡೆಯಂತೆ ಒತ್ತಿ, ಡೈ ಬಿಟ್ಟು ಸೋರಿಕೆ ಇಲ್ಲವೆಂದು ಎಕ್ಸ್‌ರೇಯಲ್ಲಿ ಖಚಿತಪಡಿಸಿಕೊಂಡು, ಸಾಮಾನ್ಯವಾಗಿ ಮೂರರಿಂದ ನಾಲ್ಕು ನಿಮಿಷ ತಣಿಸುತ್ತಾರೆ. ಬಾಯಿ ಪೂರ್ತಿ ಮುಚ್ಚಿದ್ದರೆ ಬಲೂನಿನ ಉಷ್ಣತೆ ಮೈನಸ್ 40ರಿಂದ 55 ಡಿಗ್ರಿಗೆ ಇಳಿಯುತ್ತದೆ. ಸೋರುತ್ತಿದ್ದರೆ ರಕ್ತದ ಬಿಸಿಯಿಂದಾಗಿ ಅಷ್ಟು ಇಳಿಯುವುದೇ ಇಲ್ಲ. ಮೈನಸ್ 60 ದಾಟಿದರೆ ಬಲೂನ್ ಅಭಿಧಮನಿಯ ತೀರಾ ಒಳಕ್ಕೆ ಹೋಗಿರಬಹುದೆಂಬ ಎಚ್ಚರಿಕೆ, ಕೂಡಲೇ ನಿಲ್ಲಿಸಬೇಕು.

ಇಲ್ಲಿ ಎವಿ ನೋಡ್ ದೂರದಲ್ಲಿದೆ. ಹತ್ತಿರವಿರುವುದು ಫ್ರೆನಿಕ್ ನರ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು, ಅಂದರೆ ಉಸಿರಾಟದ ಮುಖ್ಯ ಸ್ನಾಯುವನ್ನು, ಆಡಿಸುವ ನರ ಇದು. ಬಲಗಡೆಯ ಫ್ರೆನಿಕ್ ನರ ಬಲ ಮೇಲಿನ ಪಲ್ಮನರಿ ಅಭಿಧಮನಿಯ ಬಾಯಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಇಳಿದುಹೋಗುತ್ತದೆ. ಬಲೂನಿನ ಚಳಿ ಗೋಡೆ ದಾಟಿ ಅದನ್ನು ತಾಕಿದರೆ ವಪೆಯ ಬಲಭಾಗ ಸೋಲುತ್ತದೆ. ಮೆಟ್ಟಿಲು ಹತ್ತುವಾಗ, ಮಲಗಿದಾಗ ಏದುಸಿರು ಬರುತ್ತದೆ. ಕೆಲವರಿಗೆ ಗೊತ್ತೇ ಆಗುವುದಿಲ್ಲ.

ಇದನ್ನು ತಡೆಯುವ ಉಪಾಯ ತುಂಬ ಸರಳ. ಬಲಗಡೆಯ ಅಭಿಧಮನಿಗಳನ್ನು ತಣಿಸುವಾಗ ಇನ್ನೊಂದು ಕ್ಯಾತಿಟರ್ ಅನ್ನು ಮೇಲಿನ ಮಹಾಭಿಧಮನಿಯಲ್ಲಿ, ಬಲೂನಿಗಿಂತ ಮೇಲೆ ಇಟ್ಟು, ಸೆಕೆಂಡಿಗೊಮ್ಮೆಯ ಆಸುಪಾಸಿನಲ್ಲಿ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಾರೆ. ಪ್ರತಿ ಮಿಡಿತಕ್ಕೂ ವಪೆ ಬಿಕ್ಕಳಿಕೆಯಂತೆ ಎಗರುತ್ತದೆ. ಒಬ್ಬರು ರೋಗಿಯ ಬಲ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು ಆ ಎಗರನ್ನು ಎಣಿಸುತ್ತಿರುತ್ತಾರೆ. ಎಗರು ಕುಗ್ಗಿದ ಕ್ಷಣ ‘ನಿಲ್ಲಿಸಿ’ ಎನ್ನುತ್ತಾರೆ, ತಣಿಸುವುದನ್ನು ನಿಲ್ಲಿಸಿ ಬಲೂನನ್ನು ತಕ್ಷಣ ಕುಗ್ಗಿಸುತ್ತಾರೆ. ಕೈಗೆ ತಿಳಿಯುವ ಮೊದಲೇ ಎಚ್ಚರಿಸುವ ಇನ್ನೊಂದು ಕ್ರಮವೂ ಇದೆ: ವಪೆಯ ಸ್ನಾಯುವಿನ ವಿದ್ಯುತ್ ಗುರುತನ್ನು ಪರದೆಯಲ್ಲಿ ಅಳೆಯುತ್ತಿದ್ದು, ಅದರ ಎತ್ತರ ಶೇ 30ರಷ್ಟು ಇಳಿದರೆ ನಿಲ್ಲಿಸುವುದು. ಅರಿವಳಿಕೆ ಕೊಡುವವರು ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದರೆ ನರ ಸರಿಯಿದ್ದರೂ ವಪೆ ಎಗರುವುದಿಲ್ಲ. ಆದ್ದರಿಂದ ಈ ಹಂತಕ್ಕೆ ಮೊದಲೇ ಆ ಔಷಧದ ಪರಿಣಾಮ ಇಳಿದಿರಬೇಕು.

ಯುರೋಪಿನ 16 ಕೇಂದ್ರಗಳಲ್ಲಿ 762 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ‘ಫೈರ್ ಆ್ಯಂಡ್ ಐಸ್’ ಅಧ್ಯಯನದಲ್ಲಿ, ಕ್ರಯೊ ಬಲೂನ್ ಗುಂಪಿನ ಶೇ 2.7 ಮಂದಿಗೆ ಆಸ್ಪತ್ರೆಯಿಂದ ಬಿಡುವಾಗ ಫ್ರೆನಿಕ್ ನರದ ತೊಂದರೆ ಇತ್ತು. ವರ್ಷ ತುಂಬುವಾಗ ಉಳಿದದ್ದು ಒಬ್ಬರಲ್ಲಿ. ಮಂಜಿನಿಂದ ನರದ ಹೊರಕವಚ ಉಳಿಯುವುದರಿಂದ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ನರ ಚೇತರಿಸಿಕೊಳ್ಳುತ್ತದೆ. ಅದೇ ಅಧ್ಯಯನದಲ್ಲಿ ಸಾವು, ಪಾರ್ಶ್ವವಾಯು ಹಾಗೂ ಇತರ ಗಂಭೀರ ತೊಂದರೆಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ಕ್ರಯೊದಲ್ಲಿ ಶೇ 10.2, ಆರ್‌ಎಫ್‌ನಲ್ಲಿ ಶೇ 12.8. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ವ್ಯತ್ಯಾಸವೇ ಅಲ್ಲ. ಏಟ್ರಿಯಲ್ ಫಿಬ್ರಿಲೇಷನ್ ವಿಷಯದಲ್ಲಿ ‘ತಣಿಸುವುದು ಸುಡುವುದಕ್ಕಿಂತ ಬಹಳ ಸುರಕ್ಷಿತ’ ಎನ್ನಲು ಈ ಅಂಕಿಗಳು ಆಧಾರ ಕೊಡುವುದಿಲ್ಲ.

ಎಡ ಹೃತ್ಕರ್ಣದ ಬೆನ್ನಿಗೇ ಅನ್ನನಾಳ ಇದೆ. ಸುಡುವ ಬಿಸಿಯಾಗಲಿ ಮಂಜಿನ ಚಳಿಯಾಗಲಿ ಅದನ್ನು ತಾಕಿದರೆ ಹುಣ್ಣಾಗಿ, ವಾರಗಳ ನಂತರ ಅನ್ನನಾಳಕ್ಕೂ ಹೃದಯಕ್ಕೂ ನಡುವೆ ತೂತು ಬೀಳಬಹುದು. ಇದು ಅತಿ ಅಪರೂಪ, ಅಷ್ಟೇ ಘೋರ. ಐದೂವರೆ ಲಕ್ಷಕ್ಕೂ ಹೆಚ್ಚು ಚಿಕಿತ್ಸೆಗಳನ್ನು ಪರಿಶೀಲಿಸಿದ ‘ಪಾಟರ್-ಎಎಫ್’ ಅಧ್ಯಯನದಲ್ಲಿ ಆರ್‌ಎಫ್ ನಂತರ ಹೀಗಾದದ್ದು ಶೇ 0.038, ಕ್ರಯೊ ಬಲೂನ್ ನಂತರ ಶೇ 0.0015. ಇಲ್ಲಿ ಕ್ರಯೊಗೆ ಸ್ಪಷ್ಟ ಮೇಲುಗೈ ಇದೆ. ಆದರೂ ಅನ್ನನಾಳದೊಳಗೆ ಉಷ್ಣತೆ ಅಳೆಯುವ ತಂತಿ ಇಟ್ಟು, ಅದು 15ರಿಂದ 20 ಡಿಗ್ರಿಗೆ ಇಳಿದರೆ ತಣಿಸುವುದನ್ನು ನಿಲ್ಲಿಸುವ ಪದ್ಧತಿಯಿದೆ.

ಈಚೆಗೆ ಬಿಸಿಯೂ ಚಳಿಯೂ ಇಲ್ಲದೆ ಕ್ಷಣಾರ್ಧದ ವಿದ್ಯುತ್ ಹೊಡೆತದಿಂದ ಕೋಶಗಳನ್ನು ಕೊಲ್ಲುವ ಪಲ್ಸ್ಡ್ ಫೀಲ್ಡ್ ಅಬ್ಲೇಷನ್ ಬಂದಿದೆ. ಅದು ಫ್ರೆನಿಕ್ ನರವನ್ನೂ ಅನ್ನನಾಳವನ್ನೂ ಇನ್ನೂ ಚೆನ್ನಾಗಿ ಉಳಿಸುತ್ತದೆ. ಕೆಂಪು ರಕ್ತಕಣಗಳು ಒಡೆಯುವುದು, ಹೃದಯದ ಅಪಧಮನಿ ಸೆಟೆದುಕೊಳ್ಳುವುದು ಅದರದೇ ಬೇರೆ ತೊಂದರೆಗಳು.

ಚಳಿಗೆ ಸಂಬಂಧವೇ ಇಲ್ಲದ ಅಪಾಯಗಳು

ರೋಗಿಗೆ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ತೊಡೆಸಂದಿನವು. ಮೊನೆ ತುದಿಯ ಕ್ಯಾತಿಟರ್ ಎರಡು ಮಿಲಿಮೀಟರ್‌ಗಿಂತ ಸ್ವಲ್ಪ ದಪ್ಪ, ಬಲೂನ್ ಹೋಗುವ ಹೊರಕೊಳವೆ ಸುಮಾರು ಐದು ಮಿಲಿಮೀಟರ್. ಅಷ್ಟು ದೊಡ್ಡ ತೂತಿನಿಂದ ರಕ್ತ ಸೋರಿ ಚರ್ಮದಡಿ ಗಂಟಾಗಬಹುದು. ಸೂಜಿ ಪಕ್ಕದ ಅಪಧಮನಿಗೂ ತಾಗಿದ್ದರೆ ಎರಡರ ನಡುವೆ ಅಡ್ಡದಾರಿ ಆಗಬಹುದು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ ಸೂಜಿ ಹಾಕಿದರೆ ಇವೆರಡೂ ಗಮನಾರ್ಹವಾಗಿ ತಗ್ಗುತ್ತವೆ.

ಕ್ಯಾತಿಟರ್ ಅಥವಾ ಸೂಜಿ ಹೃದಯದ ಗೋಡೆಯನ್ನು ತೂರಿಕೊಂಡು ಹೊರಬಂದರೆ, ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಹೃದಯ ಹಿಗ್ಗಲಾಗದೆ ರಕ್ತದೊತ್ತಡ ಕುಸಿಯುತ್ತದೆ. ಇದು ಟ್ಯಾಂಪನೇಡ್. ಕೂಡಲೇ ಸೂಜಿ ಹಾಕಿ ರಕ್ತವನ್ನು ಹೊರತೆಗೆಯಬೇಕು. ಎವಿಎನ್‌ಆರ್‌ಟಿಯಲ್ಲಿ ಇದು ಬಲು ಅಪರೂಪ, ಎಡ ಹೃತ್ಕರ್ಣಕ್ಕೆ ದಾಟುವ ಚಿಕಿತ್ಸೆಯಲ್ಲಿ ನೂರಕ್ಕೆ ಒಂದರ ಆಸುಪಾಸು. ಎಡಗಡೆ ಕೆಲಸ ಮಾಡುವಾಗ ಹೆಪ್ಪಿನ ಚೂರಾಗಲಿ ಗಾಳಿಯ ಗುಳ್ಳೆಯಾಗಲಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಇದಕ್ಕಾಗಿ ಚಿಕಿತ್ಸೆಯುದ್ದಕ್ಕೂ ಹೆಪಾರಿನ್ ಕೊಟ್ಟು, ರಕ್ತ ಹೆಪ್ಪುಗಟ್ಟುವ ಸಮಯವನ್ನು 300 ಸೆಕೆಂಡಿಗಿಂತ ಮೇಲೆ ಇಟ್ಟುಕೊಳ್ಳುತ್ತಾರೆ. ಬಲೂನಿನ ದಪ್ಪ ಕೊಳವೆಯೊಳಗೆ ಏನನ್ನು ತೂರಿಸುವಾಗಲೂ ಹೊರತೆಗೆಯುವಾಗಲೂ ನಿಧಾನವಾಗಿ, ಸಲೈನ್ ಹರಿಸುತ್ತ ಮಾಡುವುದು ಗಾಳಿ ಒಳಸೇರದಿರಲಿ ಎಂದೇ.

ಕ್ರಯೊಗ್ಲೋಬ್ಯುಲಿನೀಮಿಯಾ ಎಂಬ ಅಪರೂಪದ ಕಾಯಿಲೆ ಇರುವವರ ರಕ್ತದಲ್ಲಿನ ಕೆಲವು ಪ್ರೋಟೀನುಗಳು ಚಳಿಗೆ ಗಡ್ಡೆಕಟ್ಟುತ್ತವೆ. ಅಂಥವರಿಗೆ ಕ್ರಯೊ ಮಾಡಕೂಡದು. ಮೈಯಲ್ಲಿ ಸಕ್ರಿಯ ಸೋಂಕು ಇದ್ದಾಗ, ಹೃದಯದೊಳಗೆ ಹೆಪ್ಪು ಕಂಡಾಗಲೂ ಮುಂದೂಡುತ್ತಾರೆ.

ಚಿಕಿತ್ಸೆಗೆ ಮೊದಲು

ಎಸ್‌ವಿಟಿಗೆ ಚಿಕಿತ್ಸೆಯಾದರೆ ಬಡಿತ ತಗ್ಗಿಸುವ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಮಾತ್ರೆಯ ಪ್ರಭಾವ ಉಳಿದಿದ್ದರೆ ಟೇಬಲ್ ಮೇಲೆ ಓಟವನ್ನು ಕೆಣಕಿ ಎಬ್ಬಿಸಲಾಗದು. ಓಟ ಏಳದಿದ್ದರೆ ಕ್ರಯೊ ಮ್ಯಾಪಿಂಗ್‌ಗೂ ಅರ್ಥವಿಲ್ಲ. ಯಾವ ಮಾತ್ರೆ, ಯಾವ ದಿನದಿಂದ ಎಂಬುದನ್ನು ವೈದ್ಯರೇ ಬರೆದುಕೊಡಬೇಕು. ಬೀಟಾ ಬ್ಲಾಕರ್‌ಗಳನ್ನು ತಾವಾಗಿ ಒಮ್ಮೆಲೇ ಬಿಡುವುದು ಅಪಾಯ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ರಕ್ತ ತೆಳುಗೊಳಿಸುವ ಮಾತ್ರೆಯ ನಿಯಮ ಇದಕ್ಕೆ ತದ್ವಿರುದ್ಧ. ಅದನ್ನು ಕನಿಷ್ಠ ಮೂರು ವಾರ ತಪ್ಪದೆ ತೆಗೆದುಕೊಂಡು ಬಂದಿರಬೇಕು. ಒಂದು ದಿನ ತಪ್ಪಿದ್ದರೂ ಮುಚ್ಚಿಡದೆ ಹೇಳಿದರೆ, ಗಂಟಲ ಮೂಲಕ ಮಾಡುವ ಎಕೊದಲ್ಲಿ ಹೆಪ್ಪು ಇದೆಯೇ ಎಂದು ನೋಡಿ ಮುಂದುವರಿಯುತ್ತಾರೆ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆ ‘ಇದು ಸೇಫಾ?’ ಎಂಬುದಲ್ಲ. ನನ್ನ ಓಟ ಯಾವ ಬಗೆಯದು, ಅದರ ಜಾಗ ಎವಿ ನೋಡ್‌ನಿಂದ ಎಷ್ಟು ದೂರ, ನನಗೆ ಕ್ರಯೊ ಏಕೆ ಅಥವಾ ಆರ್‌ಎಫ್ ಏಕೆ, ಮರಳಿದರೆ ಮುಂದೇನು, ಬಲೂನ್ ಆದರೆ ಫ್ರೆನಿಕ್ ನರವನ್ನು ಹೇಗೆ ಕಾಯುತ್ತೀರಿ ಎಂದು ಕೇಳಿದರೆ ಉತ್ತರವೂ ಖಚಿತವಾಗಿ ಬರುತ್ತದೆ.

ಮನೆಗೆ ಹೋದ ಮೇಲೆ

ಚಿಕಿತ್ಸೆ ಮುಗಿದ ಮೇಲೆ ನಾಲ್ಕರಿಂದ ಆರು ಗಂಟೆ ಕಾಲು ಮಡಿಸದೆ ಮಲಗಿರಬೇಕು. ಒಂದು ವಾರ ಭಾರ ಎತ್ತುವುದು, ಕುಕ್ಕರುಗಾಲಿನಲ್ಲಿ ಕೂರುವುದು ಬೇಡ. ತೊಡೆಸಂದಿನಲ್ಲಿ ನೀಲಿಗಟ್ಟುವುದು, ಸ್ವಲ್ಪ ನೋವು ಸಹಜ. ರಕ್ತ ಒಸರಿದರೆ ಮಲಗಿಕೊಂಡು, ಆ ಜಾಗವನ್ನು ಬಿಡದೆ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ನಿಲ್ಲದಿದ್ದರೆ, ಊತ ಬೆಳೆಯುತ್ತಿದ್ದರೆ ತುರ್ತು ವಿಭಾಗಕ್ಕೆ ಹೋಗಬೇಕು. ಎದೆ ಓಡಲು ಹೊರಟು ಅಲ್ಲೇ ನಿಂತಂತೆ ಅನ್ನಿಸುವುದು ಕೆಲವು ವಾರ ಇರುತ್ತದೆ. ಹಳೆಯ ಓಟವೇ ಪೂರ್ತಿಯಾಗಿ ಬಂದರೆ, ಆಗಲೇ ಇಸಿಜಿ ತೆಗೆಸಿ ಇಟ್ಟುಕೊಳ್ಳಬೇಕು.

ಬಲೂನ್ ಚಿಕಿತ್ಸೆಯ ನಂತರ ತಲೆನೋವು, ಒಣಕೆಮ್ಮು ಕೆಲವು ದಿನ ಇರಬಹುದು. ಮೊದಲ ಎರಡು ಮೂರು ತಿಂಗಳಲ್ಲಿ ಲಯ ತಪ್ಪಿದರೆ ಚಿಕಿತ್ಸೆ ಸೋತಿತೆಂದು ತೀರ್ಮಾನಿಸುವುದಿಲ್ಲ, ಗಾಯ ಮಾಗುವಾಗಲೂ ಹೃದಯ ಕೆರಳುತ್ತದೆ. ಲಯ ಚೆನ್ನಾಗಿದ್ದರೂ ರಕ್ತ ತೆಳುಗೊಳಿಸುವ ಮಾತ್ರೆಯನ್ನು ಕನಿಷ್ಠ ಎರಡು ಮೂರು ತಿಂಗಳು ಬಿಡಬಾರದು. ಆಮೇಲೆ ಮುಂದುವರಿಸಬೇಕೇ ಎಂಬುದು ವಯಸ್ಸು, ರಕ್ತದೊತ್ತಡ, ಮಧುಮೇಹ, ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂಬುದರ ಮೇಲೆ ನಿಂತಿದೆ.

ಎದೆನೋವು, ತಲೆಸುತ್ತು, ಏದುಸಿರು, ಕೆಮ್ಮಿದಾಗ ರಕ್ತ, ಮಾತು ತೊದಲುವುದು, ಮುಖ ಅಥವಾ ಕೈ ಸೋಲುವುದು ಕಂಡರೆ ಕಾಯುವಂತಿಲ್ಲ. ಇನ್ನೊಂದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಎಡ ಹೃತ್ಕರ್ಣದ ಅಬ್ಲೇಷನ್ ಆಗಿ ಎರಡರಿಂದ ಎಂಟು ವಾರದೊಳಗೆ ಜ್ವರ, ನುಂಗುವಾಗ ನೋವು, ರಕ್ತವಾಂತಿ, ಗಲಿಬಿಲಿ ಇವುಗಳಲ್ಲಿ ಯಾವುದೇ ಕಾಣಿಸಿಕೊಂಡರೂ ಅದನ್ನು ಮಾಮೂಲಿ ಜ್ವರ ಎಂದು ಮಾತ್ರೆ ನುಂಗಿ ಸುಮ್ಮನಿರಬಾರದು. ಚಿಕಿತ್ಸೆ ಮಾಡಿದ ತಂಡಕ್ಕೆ ಆ ಕ್ಷಣವೇ ಫೋನ್ ಮಾಡಬೇಕು. ಬೇರೆ ಆಸ್ಪತ್ರೆಗೆ ಹೋದರೆ, ಇಂಥ ದಿನ ಹೃದಯದ ಅಬ್ಲೇಷನ್ ಆಗಿದೆ ಎಂಬುದನ್ನು ಮೊದಲ ಮಾತಾಗಿಯೇ ಹೇಳಬೇಕು. ಅನ್ನನಾಳದ ತೂತಿನ ಅನುಮಾನವಿದ್ದಾಗ ಮೊದಲು ಮಾಡಬೇಕಾದದ್ದು ಎದೆಯ ಸಿ.ಟಿ. ಸ್ಕ್ಯಾನ್. ಎಂಡೋಸ್ಕೋಪಿ ಮಾಡಿದರೆ ಅದರಲ್ಲಿ ಊದುವ ಗಾಳಿ ಆ ತೂತಿನ ಮೂಲಕ ಹೃದಯಕ್ಕೂ, ಅಲ್ಲಿಂದ ಮೆದುಳಿಗೂ ಹೋಗಬಹುದು.